ಕೆರೆ ಬತ್ತಿದರೂ ತೋಟ ಹಸಿರು: ಮುಟ್ಟು ನಿಂತ ಮೇಲೂ ಗರ್ಭಕೋಶದ ಗಡ್ಡೆಗೆ ಈಸ್ಟ್ರೋಜನ್ ಎಲ್ಲಿಂದ ಬರುತ್ತದೆ?

ಮುಟ್ಟು ನಿಂತ ಹೆಂಗಸರು ತೆಗೆದುಕೊಳ್ಳುವ, ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನಿನ ಔಷಧಗಳ ಮೇಲೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಕಪ್ಪು ಚೌಕಟ್ಟಿನ ಎಚ್ಚರಿಕೆಯೊಂದು ಅಚ್ಚಾಗುತ್ತಿತ್ತು. ಅದನ್ನು ತೆಗೆಸುವುದಾಗಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2025ರ ನವೆಂಬರ್ 10ರಂದು ಪ್ರಕಟಿಸಿತು. ಹೃದಯದ ಕಾಯಿಲೆ, ಸ್ತನ ಕ್ಯಾನ್ಸರ್, ಮರೆವಿನ ಕಾಯಿಲೆಗಳ ಕುರಿತ ಸಾಲುಗಳು ಹೋಗುತ್ತವೆ. ಒಂದು ಎಚ್ಚರಿಕೆಯನ್ನು ಮಾತ್ರ ಎಫ್‌ಡಿಎ ಉಳಿಸಿಕೊಂಡಿತು. ಇಡೀ ಮೈಗೆ ಸೇರುವ ಈಸ್ಟ್ರೋಜನ್ ಒಂದನ್ನೇ ತೆಗೆದುಕೊಂಡರೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಬರುವ ಅಪಾಯವಿದೆ ಎಂಬುದು ಅದು.

ಸುದ್ದಿ ನಮ್ಮ ಫೋನುಗಳಿಗೆ ತಲುಪುವ ಹೊತ್ತಿಗೆ ಈ ಕೊನೆಯ ಸಾಲು ಉದುರಿಹೋಗಿ, 'ಈಸ್ಟ್ರೋಜನ್‌ಗೆ ಹೆದರಬೇಕಿಲ್ಲ' ಎಂಬುದಷ್ಟೇ ಉಳಿಯಿತು. ಅದರ ಜೊತೆಗೇ ಇನ್ನೊಂದು ಬಗೆಯ ಸುದ್ದಿಯೂ ಓದುಗರ ಕಣ್ಣಿಗೆ ಬೀಳುತ್ತಿದೆ: ಗರ್ಭಕೋಶದ ಗಡ್ಡೆ ತನಗೆ ಬೇಕಾದ ಈಸ್ಟ್ರೋಜನ್ನನ್ನು ತಾನೇ ತಯಾರಿಸಿಕೊಳ್ಳುತ್ತದಂತೆ. ಎರಡನ್ನೂ ಓದಿದವರಿಗೆ ಗೊಂದಲವಾಗುವುದು ಸಹಜ. ಕೋಲಾರದ ಕಡೆಯ ಐವತ್ತೆಂಟು ವರ್ಷದ ಹೆಂಗಸೊಬ್ಬರನ್ನು ಊಹಿಸಿಕೊಳ್ಳೋಣ. ಮುಟ್ಟು ನಿಂತು ಎಂಟು ವರ್ಷವಾಗಿದೆ, ಹಾರ್ಮೋನ್ ಮಾತ್ರೆಯನ್ನು ಎಂದೂ ನುಂಗಿಲ್ಲ, ರಕ್ತಪರೀಕ್ಷೆ ಮಾಡಿಸಿದರೆ ಈಸ್ಟ್ರೋಜನ್ ತೀರ ಕಡಿಮೆ. ಹಾಗಿರುವಾಗ ಈಸ್ಟ್ರೋಜನ್‌ನಿಂದ ಬೆಳೆಯುವ ಕ್ಯಾನ್ಸರ್ ಅವರಿಗೆ ಹೇಗೆ ಬರಲು ಸಾಧ್ಯ? ಈ ಪ್ರಶ್ನೆಗೆ ಸಿಗುವ ಉತ್ತರದಿಂದ, ಯಾವ ಪರೀಕ್ಷೆಯನ್ನು ನಂಬಬೇಕು, ಯಾವುದನ್ನು ನಂಬಿ ಸುಮ್ಮನಿರಬಾರದು ಎಂಬುದು ತೀರ್ಮಾನವಾಗುತ್ತದೆ.

ಒಂದೇ ಹೆಸರಿನಲ್ಲಿ ಎರಡು ಕಾಯಿಲೆ

ಜನರ ಮಾತಿನಲ್ಲಿ 'ಗರ್ಭಕೋಶದ ಕ್ಯಾನ್ಸರ್' ಎನ್ನುವ ಹೆಸರು ಎರಡು ಬೇರೆ ಬೇರೆ ಕಾಯಿಲೆಗಳನ್ನು ಸೂಚಿಸುತ್ತದೆ. ಒಂದು, ಗರ್ಭಕೋಶದ ಬಾಯಿಗೆ, ಅಂದರೆ ಗರ್ಭಕಂಠಕ್ಕೆ ಬರುವುದು. ಅದಕ್ಕೆ ಎಚ್‌ಪಿವಿ ವೈರಸ್ ಕಾರಣ. ಅದನ್ನು ತಡೆಯಲು ಲಸಿಕೆಯಿದೆ, ಮೊದಲೇ ಹಿಡಿಯಲು ತಪಾಸಣೆಯಿದೆ. ಇನ್ನೊಂದು, ಗರ್ಭಕೋಶದ ಒಳಗೋಡೆಯ ಪದರಕ್ಕೆ ಬರುವುದು. ಪ್ರತಿ ತಿಂಗಳು ಬೆಳೆದು ಮುಟ್ಟಿನಲ್ಲಿ ಉದುರುವ ಪದರ ಅದೇ. ಇದಕ್ಕೆ ವೈರಸ್ ಕಾರಣವಲ್ಲ, ಆ ಲಸಿಕೆ ಇದನ್ನು ತಡೆಯುವುದೂ ಇಲ್ಲ.

2022ರಲ್ಲಿ ಜಗತ್ತಿನಾದ್ಯಂತ ಸುಮಾರು 4.2 ಲಕ್ಷ ಹೆಂಗಸರಲ್ಲಿ ಗರ್ಭಕೋಶದ ಒಡಲಿನ ಕ್ಯಾನ್ಸರ್ ಹೊಸದಾಗಿ ಪತ್ತೆಯಾಯಿತು. ಅದರಲ್ಲಿ ಬಹುಪಾಲು ಈ ಒಳಪದರದ್ದು. ಯುರೋಪ್, ಅಮೆರಿಕಗಳಿಗೆ ಹೋಲಿಸಿದರೆ ಭಾರತದಲ್ಲಿ ಇದರ ಪ್ರಮಾಣ ಕಡಿಮೆ. ನಮ್ಮಲ್ಲಿ ಇವತ್ತಿಗೂ ಗರ್ಭಕಂಠದ ಕ್ಯಾನ್ಸರೇ ದೊಡ್ಡದು. ಬಹುಶಃ ಅದರಿಂದಲೇ ಒಳಪದರದ ಕಾಯಿಲೆಯ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ.

ಒಳಪದರದ ಕ್ಯಾನ್ಸರಿನಲ್ಲೂ ಎರಡು ಬಗೆ ಇದೆಯೆಂದು ರಷ್ಯಾದ ವೈದ್ಯ ಬೋಖ್ಮನ್ 1983ರಲ್ಲಿ ಗುರುತಿಸಿದರು. ಹೆಚ್ಚಿನವು ಈಸ್ಟ್ರೋಜನ್‌ಗೆ ಸ್ಪಂದಿಸಿ ನಿಧಾನವಾಗಿ ಬೆಳೆಯುವಂಥವು. ಉಳಿದವು ಹಾರ್ಮೋನಿನ ಹಂಗಿಲ್ಲದೆ ವೇಗವಾಗಿ ಹರಡುವಂಥವು. 2013ರ ಬಳಿಕ ಜೀನ್ ಪರೀಕ್ಷೆಯ ಆಧಾರದ ಮೇಲೆ ನಾಲ್ಕು ಗುಂಪು ಮಾಡುವ ಹೊಸ ವಿಂಗಡಣೆ ಬಂದಿದೆ. ಆದರೂ ಈ ಲೇಖನದ ವಿಷಯಕ್ಕೆ ಹಳೆಯ ವಿಂಗಡಣೆಯೇ ಸಾಕು. ಇಲ್ಲಿ ಹೇಳುತ್ತಿರುವುದು ಮೊದಲನೆಯ ಬಗೆಯ ಕುರಿತು.

ಕೆರೆ ನೋಡಿ ತೋಟದ ನೀರು ಅಳೆಯಲಾಗದು

ಕೋಲಾರ ಜಿಲ್ಲೆಯವರಿಗೆ ಇದನ್ನು ವಿವರಿಸುವುದು ಸುಲಭ. ವರ್ಷವಿಡೀ ಹರಿಯುವ ನದಿ ಇಲ್ಲಿಲ್ಲ. ಮಳೆ ಕೈಕೊಟ್ಟ ವರ್ಷ ಕೆರೆ ಒಡೆದ ಮಣ್ಣಾಗಿ ಬಿದ್ದಿರುತ್ತದೆ. ಆದರೆ ಅದೇ ಕೆರೆಯ ಪಕ್ಕದ ಹೊಲದಲ್ಲಿ ಟೊಮೆಟೊ ಹಸಿರಾಗಿ ನಿಂತಿರುವುದನ್ನು ಎಲ್ಲರೂ ನೋಡಿದ್ದಾರೆ. ಸಾವಿರ ಅಡಿಯ ಬೋರ್‌ವೆಲ್, ಪ್ಲಾಸ್ಟಿಕ್ ಹಾಸಿ ನೀರು ಕೂಡಿಟ್ಟ ಕೃಷಿ ಹೊಂಡ, ಹನಿ ನೀರಾವರಿಯ ಪೈಪು, ಇಷ್ಟಿದ್ದರೆ ಬೆಳೆಗೆ ಕೆರೆಯ ನೀರೇ ಬೇಕೆಂದಿಲ್ಲ. ಕೆರೆ ಖಾಲಿ ಇದೆಯೆಂದು ನೋಡಿ, ತೋಟವೂ ಒಣಗಿರಬೇಕು ಎಂದರೆ ಇಲ್ಲಿನ ರೈತರು ಒಪ್ಪುವುದಿಲ್ಲ.

ದೇಹದಲ್ಲಿಯೂ ಹೀಗೇ. ಮುಟ್ಟಾಗುವ ವಯಸ್ಸಿನಲ್ಲಿ ಅಂಡಾಶಯ ಮಳೆಯ ಹಾಗೆ. ಅದು ಸುರಿಸಿದ ಈಸ್ಟ್ರೋಜನ್ ರಕ್ತಕ್ಕೆ ಸೇರಿ ಎಲ್ಲ ಅಂಗಗಳಿಗೂ ಹೋಗುತ್ತದೆ. ಮುಟ್ಟು ನಿಂತಾಗ ಆ ಮಳೆಯೂ ನಿಲ್ಲುತ್ತದೆ, ರಕ್ತವೆಂಬ ಕೆರೆಯಲ್ಲಿ ಮಟ್ಟ ಇಳಿಯುತ್ತದೆ. ಆದರೆ ಮೂತ್ರಪಿಂಡದ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿ ಡಿಎಚ್‌ಇಎ, ಆಂಡ್ರೋಸ್ಟೆನಿಡಯೋನ್ ಮೊದಲಾದ ಕಚ್ಚಾ ಹಾರ್ಮೋನುಗಳನ್ನು ಬಿಡುವುದು ನಿಂತಿರುವುದಿಲ್ಲ. ಇವು ಈಸ್ಟ್ರೋಜನ್ ಅಲ್ಲ, ಈಸ್ಟ್ರೋಜನ್ ಆಗಬಲ್ಲ ಸರಕು. ಅವುಗಳನ್ನು ಬದಲಾಯಿಸುವ ಕಿಣ್ವಗಳು ಯಾವ ಅಂಗಾಂಶದಲ್ಲಿವೆಯೋ ಅಲ್ಲಿ ಈಸ್ಟ್ರೋಜನ್ ತಯಾರಾಗುತ್ತದೆ, ಅಲ್ಲೇ ಬಳಕೆಯಾಗುತ್ತದೆ, ಬಹುಪಾಲು ಅಲ್ಲೇ ಕರಗಿಯೂ ಹೋಗುತ್ತದೆ. ರಕ್ತಕ್ಕೆ ಸೋರಿ ಬರುವುದು ಸ್ವಲ್ಪವೇ.

ಈ ತಿಳಿವಳಿಕೆಗೆ ಒಂದು ಹೆಸರು ಕೊಟ್ಟವರು ಕೆನಡಾದ ಕ್ವಿಬೆಕ್‌ನ ಫರ್ನಾಂಡ್ ಲಾಬ್ರಿ. ಜೀವಕೋಶ ತನಗೆ ಬೇಕಾದ ಹಾರ್ಮೋನನ್ನು ತನ್ನೊಳಗೇ ತಯಾರಿಸಿಕೊಂಡು ಅಲ್ಲೇ ಬಳಸುವ ಈ ವ್ಯವಸ್ಥೆಗೆ ಅವರು 1988ರಲ್ಲಿ 'ಇಂಟ್ರಾಕ್ರಿನಾಲಜಿ' ಎಂದರು. ಮುಟ್ಟು ನಿಂತವರ ಸ್ತನ ಕ್ಯಾನ್ಸರಿನ ಗಡ್ಡೆಯೊಳಗೆ, ಈಸ್ಟ್ರೋಜನ್‌ಗಳಲ್ಲೇ ಪ್ರಬಲವಾದ ಈಸ್ಟ್ರಡಯೋಲ್‌ನ ಪ್ರಮಾಣ ರಕ್ತದಲ್ಲಿರುವುದಕ್ಕಿಂತ ಹತ್ತು ಪಟ್ಟಿನ ಆಸುಪಾಸಿನಲ್ಲಿರುವುದು ಮೊದಲೇ ಗೊತ್ತಾಗಿತ್ತು. ಗರ್ಭಕೋಶದ ಗಡ್ಡೆಗಳಲ್ಲೂ ಒಳಗಿನ ಮಟ್ಟ ಹೆಚ್ಚು ಎಂದು ಆಮೇಲೆ ಕಂಡುಬಂತು. 'ಗಡ್ಡೆ ತಾನೇ ಈಸ್ಟ್ರೋಜನ್ ತಯಾರಿಸುತ್ತದೆ' ಎನ್ನುವ ಸುದ್ದಿಯ ಹಿಂದಿರುವ ವಿಜ್ಞಾನ ಇದು. ಏನೂ ಇಲ್ಲದ ಕಡೆ ಗಡ್ಡೆ ಹೊಸದಾಗಿ ಹಾರ್ಮೋನ್ ಹುಟ್ಟಿಸುವುದಿಲ್ಲ, ರಕ್ತದಲ್ಲಿ ಹರಿದುಬಂದ ಕಚ್ಚಾ ಸರಕನ್ನು ಒಳಗೆಳೆದುಕೊಂಡು ಬದಲಾಯಿಸಿಕೊಳ್ಳುತ್ತದೆ.

ಬೋರ್‌ವೆಲ್, ಹೊಂಡ ಮತ್ತು ವಾಲ್ವ್

ಈ ಬದಲಾವಣೆಗೆ ಮುಖ್ಯವಾಗಿ ಎರಡು ದಾರಿ. ಒಂದು ಅರೊಮಟೇಸ್ ಎಂಬ ಕಿಣ್ವದ್ದು. ಅದು ಆಂಡ್ರೋಸ್ಟೆನಿಡಯೋನನ್ನು ಈಸ್ಟ್ರೋನ್ ಎಂಬ ಇನ್ನೊಂದು ಬಗೆಯ ಈಸ್ಟ್ರೋಜನ್ ಆಗಿ, ಟೆಸ್ಟೋಸ್ಟಿರಾನನ್ನು ಈಸ್ಟ್ರಡಯೋಲ್ ಆಗಿ ಮಾಡುತ್ತದೆ. ನೆಲದೊಳಗಿನ ನೀರನ್ನು ಮೇಲೆತ್ತುವ ಬೋರ್‌ವೆಲ್ ಮೋಟಾರಿನಂತೆ. ಈ ಕಿಣ್ವ ಮೈಯ ಕೊಬ್ಬಿನಲ್ಲಿ ಹೇರಳವಾಗಿದೆ.

ಇನ್ನೊಂದು ಸಲ್ಫಟೇಸ್‌ನದು. ಈಸ್ಟ್ರೋನಿಗೆ ಗಂಧಕದ ಒಂದು ಗುಂಪು ಅಂಟಿಕೊಂಡರೆ ಅದು ಈಸ್ಟ್ರೋನ್ ಸಲ್ಫೇಟ್ ಆಗುತ್ತದೆ. ಆ ರೂಪದಲ್ಲಿ ಅದು ಕೆಲಸಕ್ಕೆ ಬಾರದು, ಆದರೆ ಬಹಳ ಹೊತ್ತು ರಕ್ತದಲ್ಲಿ ಉಳಿಯುತ್ತದೆ. ಮುಟ್ಟು ನಿಂತವರ ರಕ್ತದಲ್ಲಿ ಈಸ್ಟ್ರೋನ್ ಮತ್ತು ಈಸ್ಟ್ರಡಯೋಲ್‌ಗಿಂತ ಹಲವು ಪಟ್ಟು ಹೆಚ್ಚು ಇರುವುದು ಇದೇ. ಕೃಷಿ ಹೊಂಡದಲ್ಲಿ ಕೂಡಿಟ್ಟ ನೀರಿನ ಹಾಗೆ. ಗಡ್ಡೆಯ ಜೀವಕೋಶ ಇದನ್ನು ಒಳಗೆಳೆದುಕೊಂಡು, ಸಲ್ಫಟೇಸ್‌ನಿಂದ ಆ ಗುಂಪನ್ನು ಕಳಚಿದರೆ, ಹೊಂಡದ ವಾಲ್ವ್ ತೆರೆದಂತೆ, ಈಸ್ಟ್ರೋನ್ ಬಿಡುಗಡೆಯಾಗುತ್ತದೆ. ಅದರ ಎದುರು ಕೆಲಸ ಮಾಡುವ ಕಿಣ್ವವೂ ಇದೆ. ಅದು ಸಲ್ಫೇಟನ್ನು ಮತ್ತೆ ಅಂಟಿಸಿ ಹೊಂಡಕ್ಕೆ ವಾಪಸು ಕಳಿಸುತ್ತದೆ.

ಎರಡು ದಾರಿಯಲ್ಲೂ ಹೆಚ್ಚಾಗಿ ಸಿಗುವುದು ಈಸ್ಟ್ರೋನ್, ಅದು ದುರ್ಬಲ. ಅದನ್ನು ಪ್ರಬಲವಾದ ಈಸ್ಟ್ರಡಯೋಲ್ ಆಗಿ ಮಾಡುವುದಕ್ಕೆ 17-ಬೀಟಾ-ಎಚ್‌ಎಸ್‌ಡಿ ಎಂಬ ಕಿಣ್ವಗಳ ಕುಟುಂಬವಿದೆ. ಅದರ ಒಂದನೆಯ ಬಗೆ ದುರ್ಬಲವನ್ನು ಪ್ರಬಲ ಮಾಡುತ್ತದೆ, ಎರಡನೆಯ ಬಗೆ ಪ್ರಬಲವನ್ನು ದುರ್ಬಲ ಮಾಡುತ್ತದೆ. ಯಾವುದರ ಕೈ ಮೇಲಾಗುತ್ತದೋ ಅದರ ಮೇಲೆ ಗಡ್ಡೆಯೊಳಗಿನ ಈಸ್ಟ್ರೋಜನ್ ಬಲ ನಿಂತಿದೆ.

ಸಂಶೋಧಕರ ನಡುವಿನ ವಾದ

ಮೇಲಿನ ಕಿಣ್ವಗಳು ಇವೆ ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ. ಯಾವ ದಾರಿ ಮುಖ್ಯ ಎಂಬುದರಲ್ಲಿ ಮಾತ್ರ ಒಮ್ಮತವಿಲ್ಲ. ಸುದ್ದಿಯ ತಲೆಬರಹಗಳು ಪ್ರತಿ ಬಾರಿ ಬೇರೆ ಬೇರೆಯಾಗಿ ಕಾಣುವುದೂ ಇದರಿಂದಲೇ.

1990ರ ದಶಕದಲ್ಲಿ ಜಪಾನಿನ ಸಂಶೋಧಕರು ಗಡ್ಡೆಯ ತುಣುಕುಗಳಿಗೆ ಬಣ್ಣ ಹಾಕಿ ನೋಡಿ, ಕ್ಯಾನ್ಸರ್ ಕೋಶಗಳ ಸುತ್ತಲಿನ ಆಧಾರ ಅಂಗಾಂಶದಲ್ಲಿ ಅರೊಮಟೇಸ್ ಇದೆ ಎಂದರು. ಆರೋಗ್ಯವಂತ ಒಳಪದರದಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಗಡ್ಡೆ ತನ್ನ ನೆರೆಹೊರೆಯನ್ನೇ ಈಸ್ಟ್ರೋಜನ್ ಕಾರ್ಖಾನೆ ಮಾಡಿಕೊಂಡಿದೆ ಎಂಬ ತರ್ಕ ಹುಟ್ಟಿತು. ಸ್ತನ ಕ್ಯಾನ್ಸರಿನಲ್ಲಿ ಅರೊಮಟೇಸನ್ನು ತಡೆಯುವ ಲೆಟ್ರೊಜೋಲ್, ಅನಾಸ್ಟ್ರೊಜೋಲ್ ಮಾತ್ರೆಗಳು ಚೆನ್ನಾಗಿ ಕೆಲಸ ಮಾಡಿದ್ದರಿಂದ ಇಲ್ಲೂ ಅದೇ ನಿರೀಕ್ಷೆ ಇತ್ತು. ಆದರೆ ಮುಂದುವರಿದ ಗರ್ಭಕೋಶ ಕ್ಯಾನ್ಸರಿನಲ್ಲಿ ಈ ಮಾತ್ರೆಗಳನ್ನಷ್ಟೇ ಕೊಟ್ಟಾಗ ಗಡ್ಡೆ ಕುಗ್ಗಿದ್ದು ಹತ್ತರಲ್ಲಿ ಸುಮಾರು ಒಬ್ಬರಿಗೆ.

ಸ್ಲೊವೇನಿಯಾದ ಲುಬ್ಲಿಯಾನಾದಲ್ಲಿ ತೇಆ ಲಾನಿಷ್ನಿಕ್ ರಿಜ್ನರ್ ಅವರ ತಂಡ ಬೇರೆ ದಿಕ್ಕಿನಿಂದ ನೋಡಿತು. ಕ್ಯಾನ್ಸರ್ ಕೋಶಗಳಿಗೆ ಕಚ್ಚಾ ಸರಕು ಕೊಟ್ಟು ಅದು ಏನಾಗುತ್ತದೆಂದು ಅಳೆದಾಗ, ಆಂಡ್ರೋಸ್ಟೆನಿಡಯೋನ್‌ನಿಂದ ಈಸ್ಟ್ರೋಜನ್ ಆಗುವುದು ಕಾಣಲಿಲ್ಲ, ಈಸ್ಟ್ರೋನ್ ಸಲ್ಫೇಟ್‌ನಿಂದ ಆಗುವುದು ಕಂಡಿತು. ಅಂದರೆ ಮುಖ್ಯ ದಾರಿ ಸಲ್ಫಟೇಸ್‌ನದು. ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್‌ನಲ್ಲಿ ಆಂದ್ರೆಯಾ ರೊಮಾನೋ ಅವರ ತಂಡ ಕೊನೆಯ ಹಂತದ ಮೇಲೆ, ಅಂದರೆ ದುರ್ಬಲವನ್ನು ಪ್ರಬಲ ಮಾಡುವ 17-ಬೀಟಾ-ಎಚ್‌ಎಸ್‌ಡಿ ಒಂದನೆಯ ಬಗೆಯ ಮೇಲೆ ಗಮನವಿಟ್ಟಿತು.

ಸಲ್ಫಟೇಸ್ ವಾದಕ್ಕೆ ದೊಡ್ಡ ಪರೀಕ್ಷೆ ಎದುರಾದದ್ದು ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ. ಸಲ್ಫಟೇಸನ್ನು ತಡೆಯುವ ಇರೊಸುಸ್ಟಾಟ್ ಎಂಬ ಔಷಧವನ್ನು ಹಳೆಯ ಪ್ರೊಜೆಸ್ಟಿನ್ (ಪ್ರೊಜೆಸ್ಟರಾನ್ ಹಾರ್ಮೋನಿನಂತೆ ಕೆಲಸ ಮಾಡುವ) ಔಷಧವಾದ ಮೆಜೆಸ್ಟ್ರಾಲ್ ಅಸಿಟೇಟ್‌ಗೆ ಎದುರಾಗಿ ಇಟ್ಟು ನೋಡಿದರು. ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಹೊಸ ಔಷಧ ಹಳೆಯದನ್ನು ಮೀರಿಸಲಿಲ್ಲ.

ಇದರಿಂದ ಸಲ್ಫಟೇಸ್ ದಾರಿಯೇ ಸುಳ್ಳೆಂದು ತೀರ್ಮಾನಿಸುವುದು ಆತುರವಾಗುತ್ತದೆ. ಹೊಂಡದ ವಾಲ್ವ್ ಒಂದನ್ನು ಮುಚ್ಚಿದರೆ ಬೋರ್‌ವೆಲ್ ಓಡುತ್ತಲೇ ಇರಬಹುದು. ಅದಕ್ಕಿಂತ ಮುಖ್ಯವಾದ ಇನ್ನೊಂದು ಕಾರಣ ನನಗೆ ಕಾಣುತ್ತದೆ. ಇಂಥ ಪ್ರಯೋಗಗಳಿಗೆ ಸೇರುವವರು ಕಾಯಿಲೆ ಮುಂದುವರಿದವರು, ಇಲ್ಲವೇ ಚಿಕಿತ್ಸೆಯ ನಂತರ ಮರುಕಳಿಸಿದವರು. ಆ ಹಂತಕ್ಕೆ ಬರುವಷ್ಟರಲ್ಲಿ ಹಲವು ಗಡ್ಡೆಗಳು ಈಸ್ಟ್ರೋಜನ್ನನ್ನು ಹಿಡಿಯುವ ಗ್ರಾಹಕಗಳನ್ನೇ ಕಳೆದುಕೊಂಡಿರುತ್ತವೆ, ಜೀನ್‌ಗಳ ಬದಲಾವಣೆಯಿಂದ ಹಾರ್ಮೋನ್ ಇಲ್ಲದೆಯೂ ಬೆಳೆಯುವ ಶಕ್ತಿ ಪಡೆದಿರುತ್ತವೆ. ನೀರೇ ಬೇಡದ ಗಿಡಕ್ಕೆ ನೀರು ನಿಲ್ಲಿಸಿ ಏನೂ ಪ್ರಯೋಜನವಿಲ್ಲ.

ಎರಡು ಕಡೆಯಿಂದ ಅದುಮಿದಾಗ ಮಾತ್ರ ಸ್ವಲ್ಪ ಫಲ ಕಂಡಿದೆ. ಲೆಟ್ರೊಜೋಲ್ ಜೊತೆ, ಕೋಶದ ಬೆಳವಣಿಗೆಯ ಸಂಕೇತವನ್ನು ತಡೆಯುವ ಎವರೊಲಿಮಸ್ ಕೊಟ್ಟ 2015ರ ಅಧ್ಯಯನದಲ್ಲಿ 32 ಶೇಕಡ ರೋಗಿಗಳ ಗಡ್ಡೆ ಕುಗ್ಗಿತು. ಲೆಟ್ರೊಜೋಲ್ ಜೊತೆ, ಕೋಶ ವಿಭಜನೆಯನ್ನು ತಡೆಯುವ ಪಾಲ್ಬೊಸೈಕ್ಲಿಬ್ ಸೇರಿಸಿದಾಗ ಕಾಯಿಲೆ ಮತ್ತೆ ಉಲ್ಬಣಿಸದೆ ಇರುವ ಮಧ್ಯಂಕ ಅವಧಿ 3 ತಿಂಗಳಿಂದ 8.3 ತಿಂಗಳಿಗೆ ಏರಿತೆಂದು 2020ರಲ್ಲಿ ವರದಿಯಾಯಿತು. ಗುಣವಾಗುವ ಮಾತು ಇದಲ್ಲ. ಆದರೂ ಕಾಯಿಲೆ ಮರಳಿ ಬಂದ ಮನೆಯಲ್ಲಿ ಐದು ತಿಂಗಳು ಚಿಕ್ಕದೇನಲ್ಲ.

1975ರ ಅನುಭವ ಮತ್ತು ಉಳಿದುಕೊಂಡ ಆ ಸಾಲು

ಈಗ ಎಫ್‌ಡಿಎ ಸುದ್ದಿಗೆ ಮರಳಿ ಬರಬಹುದು. ಅಮೆರಿಕದಲ್ಲಿ 1960ರ ದಶಕದಿಂದ ಮುಟ್ಟು ನಿಂತವರಿಗೆ ಈಸ್ಟ್ರೋಜನ್ ಮಾತ್ರೆ ಧಾರಾಳವಾಗಿ ಬರೆದುಕೊಡುತ್ತಿದ್ದರು. 1975ರ ಡಿಸೆಂಬರ್‌ನಲ್ಲಿ ಒಂದೇ ವೈದ್ಯಕೀಯ ಪತ್ರಿಕೆಯಲ್ಲಿ ಎರಡು ಅಧ್ಯಯನ ಬಂದವು. ಮಾತ್ರೆ ತೆಗೆದುಕೊಂಡವರಿಗೆ ಒಳಪದರದ ಕ್ಯಾನ್ಸರ್ ಅಪಾಯ ಒಂದರ ಪ್ರಕಾರ ನಾಲ್ಕೂವರೆ ಪಟ್ಟು, ಇನ್ನೊಂದರ ಪ್ರಕಾರ ಏಳೂವರೆ ಪಟ್ಟಿಗಿಂತ ಹೆಚ್ಚು.

ಕಾರಣ ಸರಳ. ಮುಟ್ಟಾಗುವ ವಯಸ್ಸಿನಲ್ಲಿ ಈಸ್ಟ್ರೋಜನ್ ಒಳಪದರವನ್ನು ಬೆಳೆಸಿದರೆ, ತಿಂಗಳ ಎರಡನೆಯ ಅರ್ಧದಲ್ಲಿ ಬರುವ ಪ್ರೊಜೆಸ್ಟರಾನ್ ಆ ಬೆಳವಣಿಗೆಗೆ ಕಡಿವಾಣ ಹಾಕುತ್ತದೆ. ಇದು ಕೆಲಸ ಮಾಡುವ ಬಗೆ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದೆ: ಪ್ರಬಲ ಈಸ್ಟ್ರಡಯೋಲನ್ನು ದುರ್ಬಲ ಮಾಡುವ ಕಿಣ್ವವನ್ನೂ, ಸಲ್ಫೇಟ್ ಅಂಟಿಸಿ ನಿಷ್ಕ್ರಿಯ ಮಾಡುವ ಕಿಣ್ವವನ್ನೂ ಒಳಪದರದಲ್ಲಿ ಹೆಚ್ಚಿಸುವುದು ಪ್ರೊಜೆಸ್ಟರಾನೇ. ಈಸ್ಟ್ರೋಜನ್ ಮಾತ್ರೆಯನ್ನಷ್ಟೇ ಕೊಟ್ಟಾಗ ಈ ಕಡಿವಾಣ ಇರಲಿಲ್ಲ. ಆದ್ದರಿಂದಲೇ ಗರ್ಭಕೋಶ ಇರುವವರಿಗೆ ಈಗ ಪ್ರೊಜೆಸ್ಟೋಜನ್ (ಪ್ರೊಜೆಸ್ಟರಾನ್ ಅಥವಾ ಅದರಂಥ ಔಷಧ) ಜೊತೆಗೂಡಿಸಿಯೇ ಕೊಡುತ್ತಾರೆ. ಮಕ್ಕಳು ಬೇಕೆನ್ನುವ ಕಿರಿಯ ರೋಗಿಗಳಲ್ಲಿ, ಕಾಯಿಲೆ ತೀರ ಆರಂಭದಲ್ಲಿದ್ದಾಗ, ಪ್ರೊಜೆಸ್ಟಿನ್ ಹಾರ್ಮೋನ್ ಬಿಡುವ, ಕಾಪರ್-ಟಿಯಂಥ ವಂಕಿಯನ್ನು ಗರ್ಭಕೋಶದೊಳಗೆ ಇಟ್ಟು ನೋಡಿಕೊಳ್ಳುವ ಚಿಕಿತ್ಸೆಗೂ ಇದೇ ಆಧಾರ.

ಹೀಗಾಗಿ ಎರಡು ಸುದ್ದಿಗಳ ನಡುವೆ ವಿರೋಧವೇನೂ ಇಲ್ಲ. ಹೊರಗಿನಿಂದ ಬಂದರೂ, ಒಳಗೇ ತಯಾರಾದರೂ, ಕಡಿವಾಣವಿಲ್ಲದ ಈಸ್ಟ್ರೋಜನ್ ಗರ್ಭಕೋಶದ ಒಳಪದರಕ್ಕೆ ಅಪಾಯಕಾರಿ. ಎಫ್‌ಡಿಎ ಆ ಸಾಲನ್ನು ಉಳಿಸಿಕೊಂಡಿರುವುದಕ್ಕೆ ಆಧಾರ ಗಟ್ಟಿಯಾಗಿದೆ.

ಮೈತೂಕದ ಮಾತು

ಒಳಗೇ ತಯಾರಾಗುವ ಈಸ್ಟ್ರೋಜನ್‌ಗೆ ದೊಡ್ಡ ಕಾರ್ಖಾನೆ ಕೊಬ್ಬು. ದೇಹತೂಕ ಸೂಚ್ಯಂಕ (ಬಿಎಂಐ) ಐದು ಅಂಕ ಏರಿದಂತೆಲ್ಲ ಈ ಕ್ಯಾನ್ಸರಿನ ಅಪಾಯ ಸುಮಾರು ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ತೂಕದೊಂದಿಗೆ ಇಷ್ಟು ಬಿಗಿಯಾಗಿ ಹೆಣೆದುಕೊಂಡಿರುವ ಕ್ಯಾನ್ಸರುಗಳು ಕಡಿಮೆ. ಸಕ್ಕರೆ ಕಾಯಿಲೆ ಜೊತೆಗಿದ್ದರೆ ಇನ್ಸುಲಿನ್ ಹೆಚ್ಚಾಗಿ ಒಳಪದರದ ಕೋಶಗಳನ್ನು ಮತ್ತಷ್ಟು ಪ್ರಚೋದಿಸುತ್ತದೆ.

ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ತೂಕ ಹೆಚ್ಚಿರುವವರ ಪಾಲು ನಾಲ್ಕನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 23.3 ಶೇಕಡ ಇತ್ತು, ಐದನೆಯದರಲ್ಲಿ 30.1 ಶೇಕಡಕ್ಕೆ ಏರಿತು. ಈ ಕಾಯಿಲೆ ಹೆಚ್ಚಾಗಿ ಬರುವುದು ಮುಟ್ಟು ನಿಂತ ಮೇಲೆ. ಈಗ ನಲವತ್ತರ ಆಸುಪಾಸಿನಲ್ಲಿರುವವರು ಆ ವಯಸ್ಸಿಗೆ ಕಾಲಿಡುವಾಗ ಇಲ್ಲಿ ಕಾಯಿಲೆಯ ಸಂಖ್ಯೆ ಏರುವುದೆಂದು ಎಣಿಸಬೇಕು.

ಕೋಲಾರದಲ್ಲಿ ಇದರಿಂದ ಆಗುವುದೇನು?

ಮನೆಮನೆಗೆ ಹೋಗಿ ಬಿಪಿ, ಶುಗರ್ ನೋಡುವ, ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರಿನ ಶಂಕೆಯನ್ನು ಗುರುತಿಸುವ ರಾಜ್ಯ ಸರ್ಕಾರದ 'ಗೃಹ ಆರೋಗ್ಯ' ಯೋಜನೆ 2024ರಲ್ಲಿ ಮೊದಲು ಶುರುವಾದದ್ದು ಕೋಲಾರ ಜಿಲ್ಲೆಯಲ್ಲಿ. ಒಳ್ಳೆಯ ಕೆಲಸ. ಆದರೆ ಗರ್ಭಕಂಠದ ತಪಾಸಣೆಯಲ್ಲಿ ಗರ್ಭಕೋಶದ ಬಾಯಿಗೆ ಅಸಿಟಿಕ್ ಆಮ್ಲ ಹಚ್ಚಿ ಬಣ್ಣ ಬದಲಾಗುವುದನ್ನು ನೋಡುತ್ತಾರೆ. ಒಳಪದರ ಅದರಾಚೆ ಇದೆ, ಅಲ್ಲಿನ ಗಡ್ಡೆ ಈ ತಪಾಸಣೆಗೆ ಕಾಣುವುದಿಲ್ಲ. 'ಗರ್ಭಕೋಶ ಚೆಕ್ ಮಾಡಿದ್ದಾರೆ, ಏನೂ ಇಲ್ಲವಂತೆ' ಎಂದುಕೊಂಡ ಹೆಂಗಸು, ಆರು ತಿಂಗಳ ನಂತರ ಬಟ್ಟೆಯಲ್ಲಿ ಕಲೆ ಕಂಡರೂ ಸುಮ್ಮನಿದ್ದುಬಿಡುವ ಸಾಧ್ಯತೆ ಇದೆ.

ಅದೇ ರೀತಿ ಖಾಸಗಿ ಲ್ಯಾಬುಗಳ ಹಾರ್ಮೋನ್ ಪರೀಕ್ಷೆ. ಮುಟ್ಟು ನಿಂತವರಲ್ಲಿ ರಕ್ತದ ಈಸ್ಟ್ರಡಯೋಲ್ ಕಡಿಮೆ ಬಂದರೆ ಅದು ಸಹಜ, ಆದರೆ ಗರ್ಭಕೋಶದೊಳಗೆ ಏನು ನಡೆಯುತ್ತಿದೆ ಎಂಬುದನ್ನು ಅದು ಹೇಳುವುದಿಲ್ಲ. ಈ ಕ್ಯಾನ್ಸರಿನ ಶಂಕೆಗೆ ಆ ಪರೀಕ್ಷೆ ಮಾಡಿಸುವುದು ದುಡ್ಡು ದಂಡ, ಅದಕ್ಕಿಂತ ಹೆಚ್ಚಾಗಿ ಸಮಯ ದಂಡ.

ದೇಹ ತಾನಾಗಿ ಕೊಡುವ ಸೂಚನೆ ಇದಕ್ಕಿಂತ ಎಷ್ಟೋ ನಂಬಲರ್ಹ. ಒಳಪದರದ ಕ್ಯಾನ್ಸರ್ ಇರುವ, ಮುಟ್ಟು ನಿಂತ ಹೆಂಗಸರಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಂದಿಗೆ ರಕ್ತ ಕಾಣಿಸಿಕೊಳ್ಳುತ್ತದೆ. ತಿರುಗಿಸಿ ನೋಡಿದರೆ, ಹಾಗೆ ರಕ್ತ ಕಂಡವರಲ್ಲಿ ಕ್ಯಾನ್ಸರ್ ಇರುವುದು ಹತ್ತರಲ್ಲಿ ಸುಮಾರು ಒಬ್ಬರಿಗೆ. ಆದ್ದರಿಂದ ಹೆದರಿ ಕೂರಬೇಕಿಲ್ಲ, ಬಿಡುವಂತೆಯೂ ಇಲ್ಲ. ಒಳಗಿನಿಂದ ಮಾಡುವ ಸ್ಕ್ಯಾನಿಂಗ್‌ನಲ್ಲಿ ಪದರದ ದಪ್ಪ 4 ಮಿಲಿಮೀಟರ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಕ್ಯಾನ್ಸರ್ ಇರುವ ಸಾಧ್ಯತೆ ತೀರ ಕಡಿಮೆ. ದಪ್ಪವಿದ್ದರೆ, ಅಥವಾ ರಕ್ತ ಮರುಕಳಿಸಿದರೆ, ಸಣ್ಣ ನಳಿಕೆಯಿಂದ ಇಲ್ಲವೇ ಡಿ ಅಂಡ್ ಸಿ (ಒಳಪದರ ಕೆರೆದು ತೆಗೆಯುವುದು) ಮಾಡಿ ತುಣುಕು ತೆಗೆದು ಬಯಾಪ್ಸಿಗೆ ಕಳಿಸಬೇಕು. ಆರಂಭದಲ್ಲೇ ಸಿಕ್ಕರೆ ಶಸ್ತ್ರಚಿಕಿತ್ಸೆಯಿಂದ ಬಹುಪಾಲು ಮಂದಿ ಗುಣವಾಗುವ ಕ್ಯಾನ್ಸರ್ ಇದು.

ಸ್ತನ ಕ್ಯಾನ್ಸರಿಗೆ ಟಮಾಕ್ಸಿಫೆನ್ ತೆಗೆದುಕೊಳ್ಳುತ್ತಿರುವವರು ಇದನ್ನು ವಿಶೇಷವಾಗಿ ನೆನಪಿಡಬೇಕು. ಆ ಔಷಧ ಸ್ತನದಲ್ಲಿ ಈಸ್ಟ್ರೋಜನ್ನನ್ನು ತಡೆಯುತ್ತದೆ, ಗರ್ಭಕೋಶದಲ್ಲಿ ಈಸ್ಟ್ರೋಜನ್‌ನಂತೆ ವರ್ತಿಸುತ್ತದೆ. ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು. ರಕ್ತ ಕಂಡರೆ ಅದೇ ವಾರ ವೈದ್ಯರಿಗೆ ತಿಳಿಸಬೇಕು.

'ಚೀಲ ತೆಗೆಸಿಬಿಡಿ' ಎಂಬ ಸಲಹೆ

ನಮ್ಮ ಕಡೆ, ಗಡಿಯಾಚೆಯ ಆಂಧ್ರದಲ್ಲೂ, ರಕ್ತಸ್ರಾವದ ದೂರಿಗೆ ಮೊದಲು ಬರುವ ಸಲಹೆ ಹಲವು ಸಲ ಗರ್ಭಚೀಲ ತೆಗೆಸುವುದು. ಅನಗತ್ಯವಾಗಿ ಗರ್ಭಕೋಶ ತೆಗೆಯುವುದರ ಬಗ್ಗೆ 2023ರಲ್ಲಿ ಸುಪ್ರೀಂ ಕೋರ್ಟ್ ಕೂಡ ರಾಜ್ಯಗಳಿಗೆ ನಿರ್ದೇಶನ ನೀಡಬೇಕಾಗಿ ಬಂತು. ಕ್ಯಾನ್ಸರಿನ ವಿಷಯದಲ್ಲಿ ಇದಕ್ಕೆ ಇನ್ನೊಂದು ಅಪಾಯವಿದೆ. ಬಯಾಪ್ಸಿ ಮಾಡದೆ ಆಪರೇಷನ್ ಮಾಡಿ, ತೆಗೆದ ಅಂಗವನ್ನು ಪರೀಕ್ಷೆಗೂ ಕಳಿಸದಿದ್ದರೆ, ಅದರಲ್ಲಿ ಕ್ಯಾನ್ಸರ್ ಇತ್ತೇ, ಎಷ್ಟು ಆಳಕ್ಕೆ ಹೋಗಿತ್ತು, ಈಸ್ಟ್ರೋಜನ್ ಗ್ರಾಹಕ ಇತ್ತೇ ಎಂಬುದು ಯಾರಿಗೂ ತಿಳಿಯುವುದಿಲ್ಲ. ಅಂಡಾಶಯ ಉಳಿಸಬೇಕೇ, ವಿಕಿರಣ ಕೊಡಬೇಕೇ ಎಂಬುದನ್ನು ತೀರ್ಮಾನಿಸಲು ಬೇಕಾದ ಮಾಹಿತಿ ಅದು. ಎರಡು ವರ್ಷದ ನಂತರ ಕಾಯಿಲೆ ಮರಳಿದರೆ, ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯ ವೈದ್ಯರಿಗೂ ಆರಂಭದ ವರದಿ ಸಿಗುವುದಿಲ್ಲ. ತಮಕದ ದೇವರಾಜ ಅರಸು ವೈದ್ಯಕೀಯ ಕಾಲೇಜಿನಂಥ ಬೋಧನಾ ಆಸ್ಪತ್ರೆಗಳಲ್ಲಿ ರೋಗಶಾಸ್ತ್ರ ವಿಭಾಗ ಇರುವಾಗ, ಜಿಲ್ಲೆಯೊಳಗೆ ತೆಗೆದ ಪ್ರತಿ ಗರ್ಭಕೋಶವೂ ಪರೀಕ್ಷೆಗೆ ಹೋಗಬೇಕೆಂದು ಕೇಳುವುದು ಅತಿಯಾದ ಬೇಡಿಕೆಯಲ್ಲ. ಆಪರೇಷನ್‌ಗೆ ಒಪ್ಪಿಗೆ ಹಾಕುವ ಮುನ್ನ ಮನೆಯವರು 'ಬಯಾಪ್ಸಿ ಆಯ್ತಾ? ತೆಗೆದ ಮೇಲೆ ಪರೀಕ್ಷೆಗೆ ಕಳಿಸ್ತೀರಾ?' ಎಂದು ಕೇಳಬಹುದು, ಆ ವರದಿಯನ್ನು ಆಧಾರ್ ಕಾರ್ಡಿನಷ್ಟೇ ಜೋಪಾನವಾಗಿ ಇಟ್ಟುಕೊಳ್ಳಬಹುದು.

ಮನೆಮನೆ ತಪಾಸಣೆಯ ಪಟ್ಟಿಯಲ್ಲೂ ಒಂದು ಸಾಲು ಸೇರಿಸಬಹುದು. ಇದಕ್ಕೆ ಯಂತ್ರವಾಗಲಿ ಕಿಟ್ ಆಗಲಿ ಬೇಕಿಲ್ಲ. ಶುಗರ್ ನೋಡುವಾಗ, ಐವತ್ತು ದಾಟಿದ ಹೆಂಗಸನ್ನು ಆಶಾ ಕಾರ್ಯಕರ್ತೆ ಗಂಡಸರ ಕಿವಿಗೆ ಬೀಳದಂತೆ ಕೇಳಬೇಕಾದದ್ದು ಇಷ್ಟೇ: 'ಅಮ್ಮಾ, ಮುಟ್ಟು ನಿಂತ ಮೇಲೆ ಯಾವತ್ತಾದರೂ, ಒಂದು ಹನಿಯಾದರೂ, ಮತ್ತೆ ಕಂಡಿತ್ತಾ?' ಹೌದು ಎಂದರೆ ಅವರ ಹೆಸರು ಬಿಪಿ ಪಟ್ಟಿಯಲ್ಲೇ ಉಳಿಯದೆ, ಅದೇ ವಾರ ತಾಲ್ಲೂಕು ಆಸ್ಪತ್ರೆಯ ಹೆರಿಗೆ ಮತ್ತು ಸ್ತ್ರೀರೋಗ ವಿಭಾಗಕ್ಕೆ, ಅಲ್ಲಿಂದ ಸ್ಕ್ಯಾನಿಂಗ್‌ಗೆ ಹೋಗಬೇಕು.